ಕುಲುಮೆಯಲ್ಲಿದ್ದ ಎಳೆ

ಬಾಗಿಲು ಕಿರಿದು. ಹೆಣವನ್ನು ಓರೆ ಮಾಡಿ ಹೊರಗೆ ದಾಟಿಸುವಾಗ ಜೊತೆಗಾರನ ತೋಳು ಚೌಕಟ್ಟಿಗೆ ಉಜ್ಜಿತು. ಸತ್ತವರ ಜೊತೆ ಒಂದೇ ಪ್ರಯೋಗಾಲಯದಲ್ಲಿ ಪಕ್ಕಪಕ್ಕದಲ್ಲೇ ಕೂತು ಕೆಲಸ ಮಾಡಿದವನು ಅವನು.

"ಲ್ಯಾಬಿಗೆ ಬೀಗ ಹಾಕಿದ್ರಾ?" ಮೇಲಧಿಕಾರಿ ಪಿಸುಗುಟ್ಟಿದರು.

"ಬೆಳಗ್ಗೆ ಸುದ್ದಿ ಬಂದ ತಕ್ಷಣ ಗ್ಯಾಸೆಲ್ಲ ಬಂದ್ ಮಾಡಿ ಬೀಗ ಜಡಿದೆ ಸಾರ್. ತೂತಪ್ಪನೋರಿಗೆ ಅಷ್ಟಾದ್ರೂ ಮರ್ಯಾದೆ ಬೇಡ್ವಾ?"

ಹೇಳಿ ಮುಗಿಸುವಷ್ಟರಲ್ಲಿ ಅವನಿಗೆ ನೆನಪಾಯಿತು. ಕರೆಂಟಿನ ಕುಲುಮೆ ಕಾಯುತ್ತಲೇ ಇತ್ತಲ್ಲ! ಒಳಗೆ ತೂತಪ್ಪನವರು ನಿನ್ನೆ ಇಟ್ಟ ಎಳೆಗಳು. ಬಿಟ್ಟು ಓಡೋಣವೆಂದರೆ ಹೆಗಲ ಮೇಲೆ ಅವರದೇ ಹೆಣ.

*

ತೂತಪ್ಪ ಅಂತ ಹೆಸರಿಟ್ಟವರು ಅವರ ಹೆಂಡತಿಯೇ. ಜೊತೆಗಾರನ ಬಾಯಲ್ಲಿ ಆಕೆ ಅತ್ತಿಗೆ. ಮರವನ್ನು ಗಟ್ಟಿಯಾಗಿಡುವ ಅಂಟು ಲಿಗ್ನಿನ್. ಕಾಗದದ ಕಾರ್ಖಾನೆ ಚೆಲ್ಲುವ ಕಪ್ಪು ರಾಡಿಯಿಂದ ಅದನ್ನು ತೆಗೆದು, ಕೂದಲಿನಂಥ ಎಳೆ ಮಾಡಿ, ಕಾಯಿಸಿ ಇದ್ದಿಲಾಗಿಸುವುದು ಗಂಡನ ಕೆಲಸ. ಅದರ ಮೈತುಂಬ ಕಣ್ಣಿಗೆ ಕಾಣದ ತೂತುಗಳು ಬೇಕು, ನೀರಿನ ವಿಷ ಅಲ್ಲಿ ಸಿಕ್ಕಿಬೀಳಬೇಕು.

"ತೂತು ಮಾಡೋಕೂ ಸಂಬಳ ಕೊಡ್ತಾರಲ್ಲಪ್ಪ!" ಬಡಿಸುತ್ತ ಅತ್ತಿಗೆ ನಗುತ್ತಿದ್ದರು. "ಒಂದ್ಸಲ ತಂದು ತೋರ್ಸಿ ಅಂದ್ರೆ ಮಾತ್ರ ಆಗಲ್ಲ."

"ಹದವಾಗಿ ಬರ್ಲಿ, ತಾಳು."

ಆಕೆ ಒಳಗೆ ಹೋದ ಮೇಲೆ ತೂತಪ್ಪ ಜೊತೆಗಾರನತ್ತ ತಿರುಗಿದ್ದರು: "ಬೇಗ ಕಾಯ್ಸಿದ್ರೆ ಕರಗಿ ತೂತೆಲ್ಲ ಮುಚ್ಕೊಳ್ಳುತ್ತೆ. ಕುಲುಮೆಗೆ ಬಿಡೋ ನೈಟ್ರೋಜನ್ ಗ್ಯಾಸ್ ನಿಂತು ಗಾಳಿ ಹೊಕ್ಕಿತೋ, ತೂತು ದೊಡ್ಡದಾಗ್ತಾ ಆಗ್ತಾ ಎಳೆಯನ್ನೇ ತಿಂದ್ಹಾಕುತ್ತೆ. ಎರಡು ವರ್ಷದಿಂದ ಹೆಣಗ್ತಾ ಇದೀನಿ ಮಾರಾಯ."

*

ಎಲ್ಲ ಮುಗಿದು ಜನ ಚದುರಿದರು. ಅತ್ತಿಗೆ ಅವನೆದುರು ಬಂದು ನಿಂತರು.

"ಈ ಸಲ ಹದ ಸಿಕ್ಕೇ ಸಿಗುತ್ತೆ, ನಾಳೆ ತೋರಿಸ್ತೀನಿ ಅಂದಿದ್ರು ಕಣಪ್ಪ. ನಡಿ, ನೋಡ್ಬೇಕು ನಾನು."

"ಇವತ್ತು ಬೇಡ ಅತ್ತಿಗೆ..."

"ಇವತ್ತಲ್ದೆ ಇನ್ಯಾವಾಗ?"

ಗ್ಯಾಸ್ ಬಂದ್ ಮಾಡಿದ್ದನ್ನು ದಾರಿಯಲ್ಲಿ ಹೇಳಿಬಿಡಬೇಕು ಅಂದುಕೊಂಡ. ಅಷ್ಟರಲ್ಲಿ ಲ್ಯಾಬಿನ ಬಾಗಿಲು ಬಂದೇಬಿಟ್ಟಿತು. ಎಂಥಾ ಪಾಪಿ ನಾನು ಎಂದು ಒಳಗೊಳಗೇ ಬೈದುಕೊಂಡ.

ಕುಲುಮೆ ಸಂಜೆಗೆ ತಾನಾಗಿಯೇ ಆರಿತ್ತು. ಪಿಂಗಾಣಿ ತಟ್ಟೆಯನ್ನು ಮೆಲ್ಲಗೆ ಹೊರಗೆಳೆದ. ಬರೀ ಬೂದಿ. ಎಳೆಗಳ ಆಕಾರ ಮಾತ್ರ ಹಾಗೇ ಉಳಿದಿತ್ತು.

ಅತ್ತಿಗೆ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಬೆಳಗಿನಿಂದ ಬಾಡಿದ್ದ ಮುಖ ಅರಳಿತು.

"ಅಯ್ಯೋ, ಏನೂ ಭಾರವೇ ಇಲ್ವಲ್ಲೋ! ತುಂಬಾ ತೂತು ಬಂದಿರ್ಬೇಕು, ಅಲ್ವಾ?"

ಅವನು ಗೋಡೆ ನೋಡಿದ.

"ಹೌದು ಅತ್ತಿಗೆ. ತುಂಬಾ."

"ಕೊನೆಗೂ ಗೆದ್ರು ನೋಡು."

ತಟ್ಟೆಯನ್ನು ಎದೆಯ ಹತ್ತಿರ ಹಿಡಿದು, ಎಳೆಗಳು ಅಲುಗದಂತೆ ಉಸಿರು ಬಿಗಿಹಿಡಿದು ಆಕೆ ಬಾಗಿಲ ಕಡೆ ಹೆಜ್ಜೆಯಿಟ್ಟರು. ಹೊರಗೆ ಗಾಳಿ ಬೀಸುತ್ತಿತ್ತು.