ಮೂರನೇ ಬೆರಳು

ಹೊಸ ಪದ ಕಲಿತ ಎಂಟು ದಿನದೊಳಗೆ ಅದನ್ನು ಮೂರು ಜನ ಹೊರಗಿನವರ ಮುಂದೆ ಆಡಬೇಕು, ಆಗಲೇ ಅದು ನಿನ್ನದಾಗುವುದು. ಇದು ಶರಾವತಿಯ ಅಪ್ಪ ಮಾಡಿದ್ದ ನಿಯಮ. ಅವರು ಶಿವಮೊಗ್ಗದ ಕೋಟೆ ರಸ್ತೆಯ ಮನೆಯ ಜಗಲಿಯ ಮೇಲೆ ಮಕ್ಕಳಿಗೆ ಸಂಸ್ಕೃತ ಹೇಳಿಕೊಡುತ್ತಿದ್ದವರು. ಚಿಕ್ಕಂದಿನಲ್ಲಿ ಶರಾವತಿ ಹೂವಿನವಳಿಗೂ ಹಾಲಿನವನಿಗೂ ಸಂಸ್ಕೃತದ ಪದ ಒಪ್ಪಿಸಿ, ಬೆರಳು ಮಡಚಿಕೊಂಡು ಓಡಿಬರುತ್ತಿದ್ದಳು. ಅಪ್ಪ ತೀರಿಕೊಂಡರು, ಅವಳು ಸಂಸ್ಕೃತ ಬಿಟ್ಟು ಕಾಲೇಜಿನಲ್ಲಿ ಇಂಗ್ಲಿಷಿನ ಅತಿಥಿ ಉಪನ್ಯಾಸಕಿಯಾದಳು. ನಿಯಮ ಮಾತ್ರ ಉಳಿದುಕೊಂಡಿತು. ಈಗ ಬೆರಳು ಮಡಚುವವಳು ಎಂಟು ವರ್ಷದ ಮಗಳು ಮೀರಾ.

ಶರಾವತಿ ಗಂಡ ಗುರುಪ್ರಸಾದನನ್ನು ಬಿಟ್ಟು ಭದ್ರಾವತಿಯಿಂದ ತವರಿಗೆ ಬಂದಾಗ ಮೀರಾ ಒಂದು ಹಳೆಯ ಟ್ಯಾಬ್ ತಂದಿದ್ದಳು. ಅದರಲ್ಲಿದ್ದದ್ದು ಒಂದೇ ಅನಿಮೇಷನ್ ಚಿತ್ರ, ನೆರೆಯಲ್ಲಿ ಗೂಡು ಕಳೆದುಕೊಂಡ ನೀರುನಾಯಿ ಮರಿಯ ಕಥೆ. ಮಗು ಅದನ್ನೇ ದಿನಾ ನೋಡುತ್ತಿತ್ತು. ಸಾಕು ನಿಲ್ಲಿಸು ಎನ್ನಲು ಶರಾವತಿಗೆ ಬಾಯಿ ಬರಲಿಲ್ಲ. ಹೇಗೂ ನೋಡುತ್ತಾಳೆ, ನಾಲ್ಕು ಒಳ್ಳೆಯ ಪದವಾದರೂ ಬರಲಿ ಎಂದು ಒಂದು ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ಕೂತಳು. ಏಡಿಯೊಂದು ಮರಿಯ ಬಾಲ ಕಚ್ಚಿ ಬಿಡದೇ ಇರುವಲ್ಲಿ ಚಿತ್ರ ನಿಲ್ಲಿಸಿ ‘ಟೆನೇಷಿಯಸ್’ ಎಂದು ಬರೆಸಿದಳು. ನೆರೆ ಇಳಿದ ಮೇಲೆ ಬಂಡೆಯ ಮೇಲೆ ಒಂದೇ ಒಂದು ಕೊಕ್ಕರೆ ನಿಂತಿರುವಲ್ಲಿ ‘ಡೆಸೊಲೇಟ್’. ಪ್ರತಿ ಪದದ ಪಕ್ಕ ಮೀರಾ ಒಂದು ಚಿತ್ರ ಬಿಡಿಸುತ್ತಿದ್ದಳು. ಕೊಕ್ಕರೆಗೆ ಮೂರು ಕಾಲು ಬಂದಿತ್ತು.

ಮರಿ ಮೊದಲ ಸಲ ಹೊಳೆಗೆ ಇಳಿಯುವ ದೃಶ್ಯ ಅವಳಿಗೆ ತುಂಬ ಇಷ್ಟ. ಮುಂಗಾಲು ಎತ್ತುತ್ತದೆ, ನೀರಿಗೆ ಮುಟ್ಟಿಸುತ್ತದೆ, ಹಿಂದಕ್ಕೆ ಎಳೆದುಕೊಳ್ಳುತ್ತದೆ. ಇದು ‘ರಿಲಕ್ಟೆಂಟ್’ ಎಂದಳು ಶರಾವತಿ. ಹೆದರಿಕೆಯಲ್ಲ, ಹಟವೂ ಅಲ್ಲ. ಹೋಗಬೇಕೆಂದು ಗೊತ್ತು, ಮನಸ್ಸು ಮಾತ್ರ ಬರುತ್ತಿಲ್ಲ.

ಮೊದಲ ಬೆರಳು ಹೂವಿನವಳಿಗೆ ಸಂದಿತು. ಎರಡನೆಯದು ಶನಿವಾರ ಬಸ್ ಸ್ಟ್ಯಾಂಡಿನಲ್ಲಿ. ವಾರಕ್ಕೊಮ್ಮೆ ಗುರುಪ್ರಸಾದ್ ಬಂದು ಮಗಳನ್ನು ಭದ್ರಾವತಿಗೆ ಕರೆದೊಯ್ಯುತ್ತಿದ್ದ. ಅವತ್ತು ಮೀರಾ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಳು, ತೆಗೆದಳು, ಮತ್ತೆ ಇಟ್ಟಳು.

“ಹತ್ತಮ್ಮ ತಾಯಿ, ಮುಹೂರ್ತ ಬರ್ಲಿ ಅಂತಿದೀಯಾ?” ಎಂದ ಕಂಡಕ್ಟರ್.

“ಐ ಆಮ್ ರಿಲಕ್ಟೆಂಟ್.”

“ಯಾರಾದ್ರೂ ಆಗಿರು, ಮೊದ್ಲು ಹತ್ತು.”

ಬಸ್ಸಿನಲ್ಲಿದ್ದವರು ನಕ್ಕರು. ಗುರುಪ್ರಸಾದನೂ ನಕ್ಕ. ಆಮೇಲೆ ಅರ್ಥ ಹೊಳೆದವನಂತೆ ಮುಖ ಆಚೆ ತಿರುಗಿಸಿದ. ಮೀರಾ ಕಿಟಕಿಯಿಂದ ಮಡಚಿದ ಎರಡು ಬೆರಳು ತೋರಿಸಿದಳು. ಶರಾವತಿ ಕೆಳಗಿನಿಂದಲೇ ಶಹಭಾಸ್ ಎಂಬಂತೆ ತಲೆಯಾಡಿಸಿದಳು.

ಸೋಮವಾರ ಕೋರ್ಟಿನ ಕೌನ್ಸೆಲರ್ ಮಗುವನ್ನು ಒಂಟಿಯಾಗಿ ಮಾತಾಡಿಸುವುದಿತ್ತು. ಮಗು ಯಾರ ಹತ್ತಿರ ಇರಬೇಕೆಂಬುದಕ್ಕೆ ಆ ವರದಿಯೇ ಮುಖ್ಯ ಎಂದಿದ್ದರು ವಕೀಲ ಭೀಮೇಶ್. ದಯವಿಟ್ಟು ಏನೂ ಹೇಳಿಕೊಡಬೇಡಿ, ಹೇಳಿಕೊಟ್ಟದ್ದು ಅವರಿಗೆ ತಕ್ಷಣ ಗೊತ್ತಾಗುತ್ತೆ ಎಂದೂ ಎಚ್ಚರಿಸಿದ್ದರು. ಅದನ್ನು ಶರಾವತಿಗೆ ಹೇಳಬೇಕಾಗಿಯೇ ಇರಲಿಲ್ಲ. ಕೋರ್ಟ್, ಕೇಸ್ ಎಂಬ ಮಾತು ಮನೆಯಲ್ಲಿ ಮಗುವಿನ ಕಿವಿಗೆ ಬೀಳದ ಹಾಗೆ ಒಂದು ವರ್ಷ ಕಾದವಳು ಅವಳು. ಫೋನ್ ಬಂದರೆ ಹಿತ್ತಲಿಗೆ ಹೋಗಿ ಮಾತಾಡುತ್ತಿದ್ದಳು. ಆ ಬೆಳಿಗ್ಗೆ ಜಡೆ ಹೆಣೆಯುವಾಗಲೂ, ಯಾರೋ ಆಂಟಿ ಮಾತಾಡಿಸ್ತಾರೆ, ಮನಸ್ಸಿಗೆ ಬಂದದ್ದು ಹೇಳು ಎಂದಷ್ಟೇ ಹೇಳಿದಳು.

ಮೀರಾ ಹಾಗೆಯೇ ಮಾಡಿದಳು. ಏನು ನಡೆಯಿತೆಂಬುದು ಶರಾವತಿಗೆ ಗೊತ್ತಾದದ್ದು ಎರಡು ವಾರದ ಮೇಲೆ, ಭೀಮೇಶ್ ಆಫೀಸಿನಲ್ಲಿ ವರದಿ ಓದಿದಾಗ. ಅಪ್ಪನ ಮನೆಯಲ್ಲೇ ಇರುತ್ತೀಯಾ ಎಂದು ಕೇಳಿದ್ದಕ್ಕೆ ಮಗು ‘ಐ ಆಮ್ ರಿಲಕ್ಟೆಂಟ್’ ಎಂದಿದೆ. ಹೇಳಿ ಮೂರನೇ ಬೆರಳು ಮಡಚಿ ನಕ್ಕಿದೆ. ಬೆರಳು ಯಾಕೆ ಮಡಚಿದೆ ಎಂದರೆ, ಮೂರು ಜನಕ್ಕೆ ಹೇಳಬೇಕು ಅಂತ ಅಮ್ಮ ಹೇಳಿದ್ದಾಳೆ, ಈಗ ಮುಗಿಯಿತು ಎಂದಿದೆ. ಕೆಳಗೆ ಕೌನ್ಸೆಲರ್ ಬರೆದಿದ್ದರು: ಉತ್ತರ ವಯಸ್ಸಿಗೆ ಮೀರಿದ್ದು, ತಾಯಿ ಬಾಯಿಪಾಠ ಮಾಡಿಸಿರುವುದು ಸ್ಪಷ್ಟ.

ಶರಾವತಿ ಮರುದಿನ ನೋಟ್‌ಬುಕ್ಕನ್ನೂ ಟ್ಯಾಬನ್ನೂ ಭೀಮೇಶ್ ಮೇಜಿನ ಮೇಲಿಟ್ಟಳು. ಅವರು ಒಂದೊಂದೇ ಹಾಳೆ ತಿರುವಿದರು. ಮೂರು ಕಾಲಿನ ಕೊಕ್ಕರೆಯನ್ನು ಸ್ವಲ್ಪ ಹೊತ್ತು ನೋಡಿದರು.

“ನಾನು ನಂಬ್ತೀನಿ ಮೇಡಂ. ಆದ್ರೆ ಇದನ್ನ ಕೋರ್ಟಿಗೆ ಕೊಟ್ರೆ, ಹೇಳಿಕೊಟ್ಟಿದ್ದಕ್ಕೆ ನಾವೇ ಸಾಕ್ಷಿ ಕೊಟ್ಟಹಾಗೆ.”

ಅವಳು ನೋಟ್‌ಬುಕ್ ಮತ್ತೆ ಚೀಲಕ್ಕೆ ಹಾಕಿಕೊಂಡಳು. ‘ಹೋಗಲ್ಲ’ ಎಂದು ಮಗು ಅತ್ತಿದ್ದರೆ ಸಾಕಿತ್ತು. ಅಳುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ಎಲ್ಲರಿಗೂ ಗೊತ್ತಿದೆ.

ಕೇಸ್ ಮುಗಿಯುವವರೆಗೆ ಮಗು ತಂದೆಯ ಬಳಿ ಇರಲಿ, ಶನಿವಾರ ಭಾನುವಾರ ತಾಯಿಯ ಬಳಿ ಎಂದು ಆದೇಶವಾಯಿತು. ಭದ್ರಾವತಿಯ ಶಾಲೆಗೆ ಸೇರಿಸಿದರು. ಎರಡು ಭಾನುವಾರ ಕಳೆದವು. ಮೀರಾ ಟ್ಯಾಬ್ ಮುಟ್ಟಲಿಲ್ಲ. ಶಾಲೆ ಹೇಗಿದೆ ಎಂದರೆ ಚೆನ್ನಾಗಿದೆ, ಅಲ್ಲಿಯ ಅಜ್ಜಿ ಹೇಗಿದಾರೆ ಎಂದರೂ ಚೆನ್ನಾಗಿದಾರೆ. ಅವಳ ಎಲ್ಲ ಉತ್ತರಕ್ಕೂ ಈಗ ಒಂದೇ ಪದ ಸಾಕಾಗುತ್ತಿತ್ತು.

ಮೂರನೇ ಭಾನುವಾರ ಸಂಜೆ ಶರಾವತಿ ಅವಳನ್ನು ಬಿಡಲು ಬಸ್ಸಿನಲ್ಲಿ ಹೊರಟಳು. ಭದ್ರಾವತಿ ಹತ್ತಿರವಾಗುವವರೆಗೂ ಮೀರಾ ಕಿಟಕಿಯಾಚೆ ನೋಡುತ್ತಿದ್ದಳು. ಆಮೇಲೆ ತಿರುಗದೆಯೇ ಕೇಳಿದಳು.

“ಅಮ್ಮ, ಆ ಆಂಟಿಗೆ ನಾನು ತಪ್ಪು ಪದ ಹೇಳ್ದ್ನಾ?”

“ಇಲ್ಲ ಪುಟ್ಟಿ. ಅದಕ್ಕಿಂತ ಸರಿಯಾದ ಪದ ಇಲ್ವೇ ಇಲ್ಲ.”

“ಮತ್ತೆ?”

ಶರಾವತಿ ಮಗಳ ಕೈ ಹಿಡಿದುಕೊಂಡಳು. ಮೀರಾ ಮೆಲ್ಲಗೆ ಬೆರಳುಗಳನ್ನು ಬಿಡಿಸಿಕೊಂಡು ಬ್ಯಾಗು ಹೆಗಲಿಗೇರಿಸಿದಳು.

ಓಲ್ಡ್ ಟೌನಿನ ಸ್ಟಾಪಿನಲ್ಲಿ ಗುರುಪ್ರಸಾದ್ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಬಸ್ ನಿಂತಿತು. ಬಾಗಿಲ ಹತ್ತಿರ ಶರಾವತಿ ಒಂದು ಕ್ಷಣ ಮಗಳ ಕಾಲನ್ನೇ ನೋಡಿದಳು. ಒಂದೇ ಒಂದು ಸಲ ಹಿಂದಕ್ಕೆ ತೆಗೆದರೆ ಸಾಕು ಅನ್ನಿಸಿತು.

ಮೀರಾ ಎರಡೂ ಕಾಲು ಜೋಡಿಸಿ ಕೆಳಕ್ಕೆ ಹಾರಿದಳು. ಹಿಂದಿದ್ದವರಿಗೆ ದಾರಿಯಾಗಲೆಂದು ಪಕ್ಕಕ್ಕೂ ಸರಿದು ನಿಂತಳು.