ಮೇಲಚ್ಚು ಹಿಡಿಯುವವನು

ಸುತ್ತಿಗೆ ಇಳಿದಾಗ ಬಂದ ಸದ್ದು ಬೆಳ್ಳಿಯದಲ್ಲ ಎಂದು ಲೈಕೋನನಿಗೆ ಕೂಡಲೇ ತಿಳಿಯಿತು. ಅಡೆಗಲ್ಲಿನ ಮೇಲೆ, ಸುತ್ತಿಗೆಯ ಕೆಳಗೆ, ಪಿರ್ರಿಯಾಸನ ಬಲಗೈ ಇತ್ತು.

ಸಿಕ್ಯೋನ್ ಊರಿನ ನಾಣ್ಯ ಅಚ್ಚುಹಾಕುವ ಟಂಕಸಾಲೆಯಲ್ಲಿ ಹನ್ನೊಂದು ವರ್ಷದಿಂದ ಅವರಿಬ್ಬರೂ ಜೋಡಿ. ಪಿರ್ರಿಯಾಸ್ ಕಾದ ಬೆಳ್ಳಿ ಬಿಲ್ಲೆಯನ್ನಿಟ್ಟು, ಅದರ ಮೇಲೆ ಮೇಲಚ್ಚನ್ನು ನೆಟ್ಟಗೆ ಹಿಡಿದು "ಹಾಕು" ಎನ್ನುತ್ತಿದ್ದ, ಲೈಕೋನ್ ಹೊಡೆಯುತ್ತಿದ್ದ.

ಆಮೇಲೆ ಊರು ಅಖಾಯ ಒಕ್ಕೂಟಕ್ಕೆ ಸೇರಿತು. ನಾಣ್ಯದ ಮೇಲೆ ರೆಕ್ಕೆ ಬಿಚ್ಚಿದ್ದ ಊರಿನ ಪಾರಿವಾಳ ಹೋಗಿ, ಒಕ್ಕೂಟದ ಊರುಗಳಿಗೆಲ್ಲ ಒಂದೇ ಆದ ಜೀಯಸ್ ದೇವರ ಮುಖ ಬಂತು. ಸೇರೋಣವೆಂದು ಸಭೆಯಲ್ಲಿ ಕೈಯೆತ್ತಿದವರಲ್ಲಿ ಪಿರ್ರಿಯಾಸನೂ ಇದ್ದ. "ಊರು ಮಾರಿದವನು" ಎಂದು ಲೈಕೋನ್ ಎಲ್ಲರೆದುರು ಅಂದುಬಿಟ್ಟ. ಅಂದಿನಿಂದ ಇಬ್ಬರ ನಡುವೆ ಮಾತು ನಿಂತಿತು. "ಹಾಕು" ಎನ್ನುವುದೂ ನಿಂತಿತು. ಲೈಕೋನ್ ಅಂದಾಜಿನ ಮೇಲೆ ಹೊಡೆಯತೊಡಗಿದ. ನಾಲ್ಕು ದಿನ ಅಂದಾಜು ಸರಿಹೋಯಿತು. ಐದನೆಯ ದಿನ ಪಿರ್ರಿಯಾಸ್ ವಾಲಿದ ಅಚ್ಚನ್ನು ಇನ್ನೂ ಸರಿಪಡಿಸುತ್ತಿದ್ದಾಗಲೇ ಸುತ್ತಿಗೆ ಇಳಿಯಿತು.

"ಬಾ ಅಣ್ಣ," ಎಂದಳು ಪಿರ್ರಿಯಾಸನ ಹೆಂಡತಿ ಮಿರ್ತಿಸ್, ಬಾಗಿಲಿಗೆ ಬಂದ ಲೈಕೋನನನ್ನು ನೋಡಿ. "ಎರಡು ಓಣಿ ದಾಟೋಕೆ ಹನ್ನೆರಡು ದಿನ ಬೇಕಾಯ್ತಾ?"

ಪಿರ್ರಿಯಾಸ್ ಅಂಗಳದಲ್ಲಿ ಬುಟ್ಟಿ ಮುಂದಿಟ್ಟುಕೊಂಡು ಕೂತು ಬಟಾಣಿ ಬಿಡಿಸುತ್ತಿದ್ದ. ಬಟ್ಟೆ ಸುತ್ತಿದ ಬಲಗೈ ಮಡಿಲಲ್ಲಿತ್ತು.

"ಸಭೇಲಿ ಎತ್ತಿದ್ದೂ ಇದೇ ಕೈ ಕಣೋ," ಎಂದ. "ಸರಿಯಾಗಿ ಹುಡುಕಿ ಹೊಡೆದೆ."

"ದೇವರಾಣೆ, ನಾನು ಬೇಕಂತ..."

"ಗೊತ್ತು ಬಿಡು. ಬೇಕಂತ ಹೊಡೆದಿದ್ರೆ ನಿನ್ನ ಏಟು ತಪ್ತಿತ್ತು."

ಮಿರ್ತಿಸ್ ನಗಲಿಲ್ಲ. ಲೈಕೋನ್ ನೆಲದ ಮೇಲೆ ಕೂತ.

"ಯಾಕೋ ಎತ್ತಿದೆ, ಆ ಕೈನ?"

"ಮಗಳು ಪೆಲ್ಲೀನಲ್ಲಿದಾಳೆ, ಅದು ಮೊದಲಿಂದ್ಲೂ ಒಕ್ಕೂಟದ ಊರು. ಕೊಟ್ಟು ಆರು ವರ್ಷ. ಬೇಸಿಗೆ ಬಂದ್ರೆ ಅವರ ಹೊಲಕ್ಕೆ ನಾವು ಬೆಂಕಿ ಇಡೋದು, ನಮ್ಮ ಹೊಲಕ್ಕೆ ಅವರು. ಎರಡೂರು ಒಂದಾದ್ರೆ ದಾರಿ ತೆರೀತದೆ, ಮೊಮ್ಮಗೂನ ಒಂದ್ಸಲ ನೋಡ್ಬೋದು ಅನ್ಕೊಂಡೆ."

"ನನಗೆ ಹೇಳ್ಬಾರ್ದಿತ್ತಾ?"

"ಕೇಳ್ದ್ಯಾ ನೀನು?"

ಪಿರ್ರಿಯಾಸ್ ಇನ್ನೊಂದು ಕಾಯಿ ಎತ್ತಿಕೊಂಡ.

"ನನ್ನ ಜಾಗಕ್ಕೆ ಯಾರು ಬಂದ್ರು?"

"ಯಾರೂ ಇಲ್ಲ. ನೀನು ಬರೋವರೆಗೂ ನಾನು ಸುತ್ತಿಗೆ ಮುಟ್ಟಲ್ಲ."

"ಹುಚ್ಚ. ಈ ಕೈ ಇನ್ನು ಚಮಚಾನೂ ಹಿಡಿಯಲ್ಲ ಅಂದಿದಾರೆ ವೈದ್ಯರು. ಬೇರೆ ಯಾರನ್ನಾದ್ರೂ ಕೂರಿಸ್ಕೋ." ಪಿರ್ರಿಯಾಸ್ ಒಂದು ಸಿಪ್ಪೆಯನ್ನು ಪಕ್ಕಕ್ಕೆಸೆದ. "ಅವನ ಜೊತೆಗಾದ್ರೂ ಮಾತು ಬಿಡ್ಬೇಡ."

ಬಿಡಿಸಿಕೊಡಲು ಲೈಕೋನ್ ಬುಟ್ಟಿಯ ಕಡೆ ಕೈ ಚಾಚಿದ. ಪಿರ್ರಿಯಾಸ್ ಅದನ್ನು ಮೊಣಕಾಲಿನಿಂದ ತನ್ನತ್ತ ಎಳೆದುಕೊಂಡ. ಒಂದು ಕಾಯಿಯನ್ನು ಹಲ್ಲಿನಲ್ಲಿ ಕಚ್ಚಿ ಎಡಗೈಯಿಂದ ಸೀಳಿದ. ಕಾಳು ಅಂಗಳದ ಕಲ್ಲುಗಳ ಮೇಲೆ ಚೆಲ್ಲಿತು. ಅದನ್ನು ಆರಿಸಲು ಇಬ್ಬರೂ ಬಗ್ಗಲಿಲ್ಲ.