ಐದು ಬಾರ್ ಎರಡು

ನೊಣ ಮಾನಿಟರಿನ ಮೇಲೆ ಸರಿಯಾಗಿ ಐದರ ಮೇಲೇ ಕೂತಿದೆ, ಓಡಿಸಿದರೂ ಹೋಗದು, ಗುರುಮಲ್ಲಪ್ಪನೂ ಹೋಗುವವನಲ್ಲ, ಹತ್ತು ಗಂಟೆಯಿಂದ ಮೇಜಿನ ಮುಂದೆ ನಿಂತಿದ್ದಾನೆ, ಈ ವಾರ ಬೆಸ ಸರ್ವೆ ನಂಬರಿನ ಗದ್ದೆಗೆ ನೀರು, ಸಮದವಕ್ಕೆ ಮುಂದಿನ ವಾರ, ನಂದು ಐದು ಬಾರ್ ಎರಡು ಕಣವ್ವ, ಐದು ಬೆಸ ಅಲ್ವಾ, ಪಟ್ಟೀಲಿ ಯಾಕೆ ಮುಂದ್ಲ ವಾರ ಅಂತದೆ, ಅಷ್ಟೊತ್ಗೆ ನಾಟಿಗೆ ಬೆಳ್ಸಿರೋ ಭತ್ತದ ಒಟ್ಲು ಒಣಗೋಯ್ತದೆ — ನೀರು ಬಳಕೆದಾರರ ಸಂಘದ ಆಪರೇಟರ್ ಕಾವ್ಯ ಪಟ್ಟಿಯ ಮೇಲೆ ಬೆರಳಾಡಿಸಿದಳು, ಕಂಪ್ಯೂಟರಿನಲ್ಲಿ ಪಟ್ಟಿಯನ್ನು ತಾನಾಗಿ ಮಾಡುವ ಮ್ಯಾಕ್ರೊ ಅವಳದೇ, ಕೆ.ಆರ್. ನಗರಕ್ಕೆ ಮೂರು ತಿಂಗಳು ಬಸ್ಸು ಹತ್ತಿ ಕಲಿತದ್ದು, ಎರಡರಿಂದ ಭಾಗಿಸು, ಒಂದು ಉಳಿದರೆ ಬೆಸ, ಅಷ್ಟೇ, ಸಭೆಯಲ್ಲಿ ಮೈಕ್ ಹಿಡಿದು ಬೇರೆ ಹೇಳಿದ್ದಳು, ಇನ್ನು ನೀರುಗಂಟಿ ಚಿಕ್ಕಣ್ಣ ಬೆಸವೋ ಸಮವೋ ನೋಡಲು ಹುಣಸೆಬೀಜ ಜೋಡಿಸುತ್ತ ಕೂರಬೇಕಾಗಿಲ್ಲ, ಎಲ್ಲರೂ ನಕ್ಕರು, ಚಿಕ್ಕಣ್ಣನೂ ನಕ್ಕ, ಪಾಪ, ಈಗ ಅದೇ ಚಿಕ್ಕಣ್ಣ ಮೇಜಿನ ಮೇಲೆ ಐದು ಬೀಜ ಇಟ್ಟ, ಎರಡು ಸರಿಸಿದ, ಇನ್ನೆರಡು ಸರಿಸಿದ, ಒಂದು ಉಳಿಯಿತು. ನೀನು ಪಟ್ಟಿ ತಿದ್ದುದ್ರೆ ಕಾಲ್ವೆ ತೂಬು ಎತ್ತೀನಿ ಕಣವ್ವ, ನಂಗೇನು.

ತಿದ್ದುವುದು ಹೇಗೆ, ಮೊದಲು ತಪ್ಪು ಸಿಗಬೇಕಲ್ಲ, ಆ ನಂಬರಿನ ಮೇಲೆ ಕ್ಲಿಕ್ ಮಾಡಿದಳು — ಫೆಬ್ರುವರಿ ಐದು. ಯಾರ ಫೆಬ್ರುವರಿ, ಐದು ಬಾರ್ ಎರಡನ್ನು ಈ ಮುಂಡೇದು ತಾರೀಖು ಅಂದುಕೊಂಡಿದೆ, ಅದರ ಹೊಟ್ಟೆಯೊಳಗೆ ತಾರೀಖೆಂದರೆ ಸಾವಿರದ ಒಂಬೈನೂರನೇ ಇಸವಿಯಿಂದ ಎಣಿಸಿದ ದಿನಗಳ ಲೆಕ್ಕ, ನಲವತ್ತಾರು ಸಾವಿರದ ಐವತ್ತೆಂಟು, ಎರಡರಿಂದ ಭಾಗಿಸಿದರೆ ಏನೂ ಉಳಿಯದು, ಗದ್ದೆಗೂ ಒಂದು ಹುಟ್ಟುಹಬ್ಬ, ನಗು ಬರುತ್ತಿದೆ, ನಗುವ ಹಾಗಿಲ್ಲ, ಹಾಗಾದರೆ ಆರು ಬಾರ್ ಎರಡು? ನಲವತ್ತಾರು ಸಾವಿರದ ಐವತ್ತೊಂಬತ್ತು, ಬೆಸ, ಅಂದರೆ ಈ ವಾರ, ಅದು ಯಾರದು — ಅಯ್ಯೋ ಅವ್ವನದು, ಬೆಳಗಿನಿಂದ ನೀರು ಹರಿಯುತ್ತಿರುವುದು ಅವ್ವನ ಗದ್ದೆಗೆ, ಮಗಳು ಕುರ್ಚಿಯಲ್ಲಿ ಕೂತೇ ನೀರು ತಿರುಗಿಸಿಕೊಂಡಳು ಅನ್ನುತ್ತದೆ ಊರು, ಅನ್ನದೆ ಬಿಡುತ್ತದೆಯೇ, ಫೋನು ಎತ್ತಿದಳು, ಅವ್ವ, ಗದ್ದೆಗೆ ನೀರು ಬರೋ ನಮ್ಮ ಮಡೆ ಕಟ್ಟು, ಈಗ್ಲೇ, ಅತ್ತಲಿಂದ ಅವ್ವ, ಯಾಕವ್ವಾ, ಕಂಪ್ಯೂಟ್ರೇ ಕೊಟ್ಟದೆ, ನೀನ್ಯಾಕೆ ಬ್ಯಾಡ ಅಂತೀಯೆ, ಕಟ್ಟವ್ವ, ತಪ್ಪು ನಂದು — ಇಬ್ಬರೂ ಕೇಳಿಸಿಕೊಂಡರು, ಕೇಳಿಸಿಕೊಳ್ಳಲಿ, ಪಟ್ಟಿಯಲ್ಲಿ ಮುಂದಿನ ವಾರ ಎಂಬುದನ್ನು ಕೆಂಪು ಪೆನ್ನಿನಿಂದ ಹೊಡೆದುಹಾಕಿ ಐದು ಬಾರ್ ಎರಡು ಈ ವಾರ ಎಂದು ಬರೆದು ಸಹಿ ಮಾಡುವಷ್ಟರಲ್ಲಿ ಗುರುಮಲ್ಲಪ್ಪ ಬಾಗಿಲು ದಾಟಿದ್ದ.

ಚಿಕ್ಕಣ್ಣ ನಿಧಾನಸ್ಥ, ಎರಡು ಬೀಜ ಜೇಬಿಗೆ, ಇನ್ನೆರಡು ಜೇಬಿಗೆ, ಇದೊಂದು ಇಲ್ಲೇ ಇರ್ಲಿ ಕಣವ್ವ, ಕಂಪ್ಯೂಟ್ರಿಗೆ ಬೇಕಾಯ್ತದೆ, ಅಂದು ಗುದ್ದಲಿ ಎತ್ತಿಕೊಂಡು ಹೋದ, ಅವಳು ಮತ್ತೆ ಮ್ಯಾಕ್ರೊ ತೆರೆದಳು, ಎರಡರಿಂದ ಭಾಗಿಸು, ಆಮೇಲೆ, ಎರಡರಿಂದ ಭಾಗಿಸು, ನೊಣ ಮಾನಿಟರು ಬಿಟ್ಟು ಕೆಳಗಿಳಿದಿದೆ, ಮೇಜಿನ ಮೇಲೆ ಒಂದು ಬೀಜ, ಒಂದೇ ಬೀಜ.